ಮೋರಿಗೆ ಇಟ್ಟ ಕೈ

ಪಾಷಾಣದ ನೀರಿಗೆ ಕೈ ಹಾಕುವುದಿಲ್ಲ ಎಂದು ದ್ರೌಪತಿ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಕೊಟ್ಟದ್ದು ಕಲ್ಯಾಣಿ ಊರಿನಲ್ಲಿ, ಕೋಟೆಯ ಬೆನ್ನಿಗಿದ್ದ ಓಣಿಯ ಕಡೆಯ ಗುಡಿಸಲಿನಲ್ಲಿ. ಗೋಡೆಗೆ ಮುಖ ಮಾಡಿ ಮಲಗಿದ್ದ ಅವ್ವ ಕಮಳಾಬಾಯಿ ಆ ದಿನ ಇತ್ತ ಹೊರಳಿ, ತನ್ನ ಎರಡೂ ಅಂಗೈಗಳನ್ನು ಮಗಳ ಮಡಿಲಲ್ಲಿ ಬಿಡಿಸಿ ಇಟ್ಟಳು. ಅಂಗೈ ತುಂಬ ಸಜ್ಜೆಯ ಕಾಳು ಹರವಿ ಅಂಟಿಸಿದ ಹಾಗೆ ಗಂಟುಗಳು. ಕುತ್ತಿಗೆಯ ಕೆಳಗೆ, ಧೂಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದು ನಿಂತ ಹಾಗೆ ಕಪ್ಪು ಚುಕ್ಕೆಗಳು. ಹದಿನಾಲ್ಕು ವರ್ಷ ಆಕೆ ಒಬ್ಬ ತೊಗಲಿನ ವ್ಯಾಪಾರಿಯ ಹಿತ್ತಿಲಲ್ಲಿ ಹಸಿ ತೊಗಲುಗಳನ್ನು ಪಾಷಾಣ ಕದಡಿದ ನೀರಲ್ಲಿ ಅದ್ದಿ ಅದ್ದಿ ತೆಗೆದಿದ್ದಳು. ಹಾಗೆ ಅದ್ದಿದ ತೊಗಲಿಗೆ ಹುಳು ಬೀಳುವುದಿಲ್ಲ, ಹಡಗಿನಲ್ಲಿ ಆರು ತಿಂಗಳು ಕೂತರೂ ಕೆಡುವುದಿಲ್ಲ. ಅದ್ದಿದವರು ಎಷ್ಟು ದಿನಕ್ಕೆ ಕೆಡುತ್ತಾರೆಂದು ಯಾರೂ ಕೇಳಿರಲಿಲ್ಲ.

“ನೋಡಿದ್ಯಾ?” ಎಂದಳು ಅವ್ವ.

“ನೋಡಿದ್ನಿ ಯವ್ವಾ.”

“ಉಪಾಸ ಬೀಳು, ಚಿಂತಿಲ್ಲ. ಆ ನೀರಿಗಿ ಕೈ ಹಚ್ಚಬ್ಯಾಡ. ಹಚ್ಚೂದಿಲ್ಲ ಅನ್ನು.”

“ಹಚ್ಚೂದಿಲ್ಲ.”

“ಹಂಗಲ್ಲ. ಇವನ್ನ ಮುಟ್ಟಿ ಅನ್ನು.”

ದ್ರೌಪತಿ ಆ ಗಂಟುಗಳನ್ನು ಮುಟ್ಟಿ ಅಂದಳು. ಮರುದಿನ ಹೊತ್ತು ಏರುವ ಮೊದಲೇ ಅವ್ವ ಹೋದಳು.

ದ್ರೌಪತಿಯನ್ನು ಕೊಟ್ಟದ್ದು ಹುಮನಾಬಾದಿಗೆ. ಸೋಲಾಪುರದ ಗಿರಣಿಗೆಂದು ಹೋದ ಗಂಡ ಎರಡು ಕಾಗದ ಹಾಕಿದ, ಮೂರನೆಯದು ಬರಲಿಲ್ಲ. ಮಡಿಲಲ್ಲಿ ಅವ್ವನ ಹೆಸರಿಟ್ಟ ಮಗಳು ಕಮಳಿ. ಊರ ಕೆಳಗಿನ ಕೇರಿಯ ಹೆಂಗಸಿಗೆ ಕೆಲಸ ಸಿಗುವ ಕಡೆ ಎಂದರೆ ಕಲ್ಯಾಣಿ ದಾರಿಯ ಮೇಲಿದ್ದ ತೊಗಲಿನ ಗೋದಾಮು ಒಂದೇ. ಹೋದಳು. ಆದರೆ ಮೊದಲ ದಿನವೇ ಹೇಳಿಬಿಟ್ಟಳು, “ಉಪ್ಪು ಹಚ್ಚತೀನಿ, ತೊಗಲಾ ಒಣಗಸ್ತೀನಿ, ಗಾಡಿ ತುಂಬತೀನಿ. ಮದ್ದಿನ ಕೋಣ್ಯಾಗ ಕಾಲಿಡೂದಿಲ್ಲ. ಸತ್ತ ಅವ್ವಗ ಮಾತು ಕೊಟ್ಟೀನಿ.” ಪಾಷಾಣವನ್ನು ಅಲ್ಲಿ ಎಲ್ಲರೂ ಮದ್ದು ಎಂದೇ ಕರೆಯುತ್ತಿದ್ದರು. ಮದ್ದಿನ ಕೋಣೆಯಲ್ಲಿ ಅರ್ಧ ದಿನದ ಕೆಲಸ, ನೆರಳು ಬೇರೆ. ಉಪ್ಪಿನ ಕಟ್ಟೆಯ ಮೇಲೆ ದಿನವಿಡೀ ಬಿಸಿಲು, ಬೆರಳ ಸಂದಿಗಳಲ್ಲಿ ಹುಣ್ಣು. ಅವಳು ಬಿಸಿಲನ್ನೇ ಆರಿಸಿಕೊಂಡಳು.

ಗೋದಾಮಿನ ಮುನೀಮ ದಿಗಂಬರರಾಯರಿಗೆ ಇದು ತಮಾಷೆ ಎನಿಸಿತು. ಅವರು ಹದಿನೆಂಟು ವರ್ಷ ತೊಗಲಿನ ವ್ಯವಹಾರದಲ್ಲೇ ಸಂಸಾರ ಸಾಗಿಸಿದವರು. ಆದರೆ ಒಂದು ತೊಗಲಿಗೂ ಬೆರಳು ತಾಗಿಸಿದವರಲ್ಲ. ಅವರ ಗಾದಿ ಎತ್ತರದ ಪಡಸಾಲೆಯ ಮೇಲೆ. ಪಡಸಾಲೆಯ ಪಕ್ಕದಲ್ಲೇ ಗೋದಾಮಿನ ಬಾವಿ. ಸಂಜೆ ಆ ಬಾವಿಯಲ್ಲಿ ನಾಲ್ಕು ಕೊಡ ನೀರು ಸೇದಿಸಿ ತಲೆಯ ಮೇಲೆ ಹೊಯ್ದುಕೊಂಡು, ಒದ್ದೆ ಧೋತರದಲ್ಲೇ ಯಾರನ್ನೂ ತಾಕದೆ ಮನೆಗೆ ನಡೆಯುತ್ತಿದ್ದರು.

“ನಮ್ಮ ಗೋದಾಮಿನ್ಯಾಗ ಇಬ್ಬರು ಮಡಿ ಮಂದಿ ಇದ್ದಾರ ನೋಡ್ರಿ,” ಎನ್ನುತ್ತಿದ್ದಳು ವಜೀರಬಿ. ಉಪ್ಪಿನ ಕಟ್ಟೆಯಲ್ಲಿ ದ್ರೌಪತಿಯ ಜೋಡಿ ಕೆಲಸದವಳು, ನಾಲಗೆಗೆ ಕೀಲಿ ಇಲ್ಲದವಳು. “ಒಬ್ಬರು ತೊಗಲಾ ಮುಟ್ಟೂದಿಲ್ಲ, ಇನ್ನೊಬ್ಬಾಕಿ ಮದ್ದು ಮುಟ್ಟೂದಿಲ್ಲ. ಇಬ್ಬರಿಗೂ ಕೂಡಿಸಿ ಒಂದು ಪಲ್ಲಕ್ಕಿ ಮಾಡಸ್ಬೇಕು.”

“ಪಲ್ಲಕ್ಕಿ ಹೊರಾಕಿ ನೀನ ಆದ್ರ ಕೂಡತೀನಿ,” ಎನ್ನುತ್ತಿದ್ದಳು ದ್ರೌಪತಿ.

ಮದ್ದಿನ ಕೋಣೆಯ ಯಜಮಾನಿಕೆ ಖಮರುದ್ದೀನ್ ಮೇಸ್ತ್ರಿಯದು. ಐವತ್ತು ದಾಟಿದವನು, ಮಾತು ಕಡಿಮೆ. ಅವನ ಅಂಗೈಯಲ್ಲೂ ಆಗಲೇ ಸಜ್ಜೆ ಕಾಳು ಮೂಡಿದ್ದವು. ಕೋಣೆಯ ನಡುವೆ ಆಳೆತ್ತರದ ಕಟ್ಟಿಗೆಯ ಪೀಪಾಯಿ, ಅದಕ್ಕೆ ಕಬ್ಬಿಣದ ಮೂರು ಪಟ್ಟಿ, ಒಳಗೆ ಅಕ್ಕಿ ತೊಳೆದ ನೀರಿನಂಥ ನೀರು. ವಾಸನೆಯಿಲ್ಲ, ಬೇರೆ ನೀರಿಗೆ ಕೂಡಿದರೆ ಬಣ್ಣವೂ ಇಲ್ಲ. ಆ ನೀರು ಕೋಣೆ ಬಿಟ್ಟು ಹೋಗಬಾರದು ಎಂಬುದೊಂದೇ ಮೇಸ್ತ್ರಿಯ ಕಾಯಿದೆ. ಅದಕ್ಕಾಗಿ ಕೋಣೆಯ ಹೊಸ್ತಿಲ ಮೇಲೆ ಮೊಳದೆತ್ತರ ಎರೆಮಣ್ಣಿನ ಕಟ್ಟೆ ಕಟ್ಟಿದ್ದ. ಹೋಗುವವರು ಬರುವವರು ಅದನ್ನು ದಾಟಿಯೇ ಹೋಗಬೇಕು. ಅಂಗಳದ ಕೊನೆಯ ಗೋಡೆಯಲ್ಲಿ ನೀರು ಹೊರಹೋಗುವ ಮೋರಿ. ಅದಕ್ಕೆ ಗೋಣಿ ಸುತ್ತಿದ ಒಂದು ಗುಂಡುಕಲ್ಲು ಬಡಿದಿಟ್ಟಿದ್ದ. ಕೆಟ್ಟುಹೋದ ಮದ್ದಿನ ನೀರಿಗೆ ಸುಣ್ಣ ಕೂಡಿಸಿ, ಅದು ತಳಕ್ಕೆ ಕೂತ ಮೇಲೆ ಕೆಂಪು ಮಣ್ಣಿನೊಡನೆ ಕಲಸಿ, ಗುಂಡಿ ತೋಡಿ ಹುಗಿಯುತ್ತಿದ್ದ.

ಇಷ್ಟೆಲ್ಲ ಯಾಕೆಂದರೆ ಮೋರಿಯ ಆಚೆ ನಾಲಾ, ನಾಲಾದ ಮಗ್ಗುಲಿಗೆ ಕೆಳಗಿನ ಕೇರಿಯ ಬಾವಿ. ಮೆಟ್ಟಿಲು ಇಳಿದು ನೀರು ತುಂಬುವ ಹಳೆಯ ಬಾವಿ. ನಾಲಾ ತುಂಬಿದರೆ ಅದರ ನೀರು ಮೊದಲನೆಯ ಮೆಟ್ಟಿಲಿಗೇ ಬರುತ್ತಿತ್ತು.

ಆ ವರ್ಷ ಲಡಾಯಿ ಜೋರಾಗಿತ್ತು. ಫೌಜಿಗೆ ಬೂಟು ಬೇಕು, ಬೂಟಿಗೆ ತೊಗಲು ಬೇಕು. ಗೋದಾಮಿನ ಒಡೆಯರಾದ ಹೈದರಾಬಾದಿನ ಸಾಹುಕಾರರಿಂದ ವಾರಕ್ಕೊಂದು ತಾಕೀತು ಬರುತ್ತಿತ್ತು. ಉಪ್ಪಿನ ಗಾಳಿಗೆ ಪೀಪಾಯಿಯ ನಡುವಿನ ಪಟ್ಟಿ ತುಕ್ಕು ಹಿಡಿದು ಹಪ್ಪಳದ ಹಾಗೆ ಪದರು ಬಿಡುತ್ತಿತ್ತು. ಮೇಸ್ತ್ರಿ ಎರಡು ಸಲ ಹೇಳಿದ. “ದೀಪಾವಳಿ ಆಗಲಿ,” ಎಂದರು ರಾಯರು.

ದೀಪಾವಳಿಯ ಅಮಾವಾಸ್ಯೆಗೆ ಗೋದಾಮಿನಲ್ಲಿ ಲಕ್ಷ್ಮೀಪೂಜೆ. ರಾಯರು ಹೊಸ್ತಿಲುಗಳನ್ನೆಲ್ಲ ನೋಡುತ್ತ ಬಂದು ಮದ್ದಿನ ಕೋಣೆಯ ಮುಂದೆ ನಿಂತರು.

“ಇದೇನೋ ಮೇಸ್ತ್ರಿ, ಗೋರಿ ಕಟ್ಟಿದಂಗ ಕಟ್ಟೀದಿ? ಲಕ್ಷ್ಮಿ ಒಳಗ ಬರೂ ದಾರಿ ಇದು. ಆಕಿ ಎಡವಿ ಬೀಳ್ಬೇಕಂತೀಯೇನು?”

“ಇಷ್ಟ ವರ್ಷ ದಾಟಿ ಬಂದಾರಲ್ರೀ ರಾಯರೇ.”

“ಈ ವರ್ಷ ಸಾಹುಕಾರರು ಬರೋವರಿದ್ದಾರ. ತೆಗಿ. ಸಾರಿಸಿ ರಂಗೋಲಿ ಹಾಕ್ಸು. ಆ ಮೋರಿ ಕಲ್ಲೂ ತೆಗಿ, ಅಂಗಳ ತೊಳೀಬೇಕು.”

ಮೇಸ್ತ್ರಿ ಕಟ್ಟೆ ಒಡೆದ. ಗುಂಡುಕಲ್ಲನ್ನು, ಅದರ ಹೊಲಸು ಗೋಣಿಯ ಸಮೇತ, ಯಾರೋ ನಾಲಾದ ಆಚೆ ಉರುಳಿಸಿ ಬಂದರು. ಮರುದಿನ ಮೇಸ್ತ್ರಿ ಸಲಿಕೆ ಹಿಡಿದು ಬಂದಾಗ ರಾಯರು ಮತ್ತೆ ಅಡ್ಡ ಬಂದರು. ಲಕ್ಷ್ಮಿ ಬಂದು ಕೂತ ಮನೆಯಲ್ಲಿ ಮೂರು ದಿನ ಹೊಸ್ತಿಲಿಗೆ ಸಲಿಕೆ ಹಚ್ಚುವ ಹಾಗಿಲ್ಲವಂತೆ. ಖಮರುದ್ದೀನ್ ಗಡ್ಡ ತುರಿಸಿಕೊಂಡ. ಅವರ ದೇವರ ಮಾತಿಗೆ ಎದುರಾಡುವುದು ಅವನಿಗೆ ಸರಿ ಕಾಣಲಿಲ್ಲ.

“ಮೂರು ದಿನ ತಾನೆ,” ಎಂದು ಸಲಿಕೆಯನ್ನು ಗೋಡೆಗೆ ಆನಿಸಿದ.

ಮೂರನೆಯ ದಿನ ಬೆಳಿಗ್ಗೆ, ಇನ್ನೂ ಒಂದು ತಾಸಿನಲ್ಲಿ ಸಾಹುಕಾರರ ಮೋಟಾರು ಬರುವುದಿತ್ತು, ಆಗ ಪಟ್ಟಿ ಹರಿಯಿತು.

ಉಪ್ಪಿನ ಕಟ್ಟೆಯ ಮೇಲಿದ್ದ ದ್ರೌಪತಿಗೆ ಕೇಳಿಸಿದ್ದು ಬಂದೂಕು ಹಾರಿದಂಥ ಒಂದು ಸದ್ದು. ಅದರ ಬೆನ್ನಿಗೇ ಮೇಸ್ತ್ರಿಯ ಕೂಗು, “ಹಗ್ಗ ತರ್ರೋ! ಹಗ್ಗ!” ತಿರುಗಿ ನೋಡಿದಳು. ರಂಗೋಲಿಯ ಮೇಲಿಂದ, ಅದರ ಎಸಳುಗಳನ್ನು ಎಳೆದುಕೊಂಡು, ಬಿಳಿ ನೀರು ಹೊಸ್ತಿಲು ದಾಟಿ ಬರುತ್ತಿತ್ತು. ಅವಸರವಿಲ್ಲದೆ, ಅಂಗಳದ ಇಳಿಜಾರು ಹಿಡಿದು, ಕಣ್ಣಿದ್ದವರ ಹಾಗೆ ನೆಟ್ಟಗೆ ಮೋರಿಯ ಕಡೆ.

ವಜೀರಬಿ ಕೈಯ ಉಪ್ಪು ಚೆಲ್ಲಿ ಎದ್ದಳು. “ಅಯ್ಯೋ ಅಲ್ಲಾ! ದ್ರೌಪತಿ, ಈಗ ಬಾವ್ಯಾಗ ಮಂದಿ ಇರ್ತಾರಲ್ಲ?”

ದ್ರೌಪತಿಗೆ ಅದೇ ನೆನಪಾಗಿತ್ತು. ಈ ಹೊತ್ತಿಗೆ ಕಮಳಿ ಎರಡನೆಯ ಕೊಡಕ್ಕೆ ಬರುತ್ತಾಳೆ.

“ನೀ ಓಡು. ಒಂದು ಹನಿ ತುಂಬಗೊಡಬ್ಯಾಡ. ಬೈಯ್ದ್ರ ಬೈಸ್ಕೊ, ಬಡದ್ರ ಬಡಸ್ಕೊ, ಕೊಡ ಒಡೀ ಬೇಕಾದ್ರ!”

“ಕೊಡ ಒಡಿಯೂದು ನನಗ ಹೇಳಿಕೊಡ್ತೀ?” ಎಂದವಳೇ ವಜೀರಬಿ ಸೀರೆ ಎತ್ತಿ ಕಟ್ಟಿ ಬಾಗಿಲ ಕಡೆ ಓಡಿದಳು.

ಅಷ್ಟರಲ್ಲಿ ದಿಗಂಬರರಾಯರು ಪಡಸಾಲೆಯ ಅಂಚಿಗೆ ಬಂದಿದ್ದರು. ಒಂದು ನೋಟಕ್ಕೇ ಎಲ್ಲ ತಿಳಿಯಿತು. ಮುಖ ಬಾಡಿತು, ಆದರೆ ಬುದ್ಧಿ ಚುರುಕಾಗಿಯೇ ಓಡಿತು.

“ಪಂಡರಿ! ತೊಟ್ಟ್ಯಾಗಿನ ನೀರು ತುಂಬು. ಹತ್ತು ಕೊಡ ತಂದು ಹೊಯ್ಯಿ. ಪೂರಾ ಮೋರಿಗಿ ಕೊಚ್ಚಿಕೊಂಡು ಹೋಗ್ಲಿ. ಮ್ಯಾಲ ಸಗಣಿ ಸಾರಿಸಿಬಿಡ್ರಿ. ಸಾಹುಕಾರರು ಬರೂದ್ರಾಗ ಒಂದು ಕಲಿ ಕಾಣಬಾರದು.”

ಪಂಡರಿ ಹಮಾಲ, ಕೆಳಗಿನ ಕೇರಿಯವನೇ. ಕೊಡಕ್ಕೆ ಕೈ ಹಾಕಿ ದ್ರೌಪತಿಯನ್ನು ನೋಡಿದ, ರಾಯರನ್ನು ನೋಡಿದ, ಕೊಡ ಎತ್ತಿಕೊಂಡ.

“ರಾಯರೇ, ಮೋರಿ ನೀರು ಎಲ್ಲಿಗಿ ಹೋಗತದ್ರಿ?” ದ್ರೌಪತಿ ಉಪ್ಪಿನ ಕಟ್ಟೆಯಿಂದ ಧುಮುಕಿ ಕೇಳಿದಳು.

“ನಾಲಾಕ್ಕ.”

“ನಾಲಾ ಎಲ್ಲಿಗಿ?”

“ನಾಲಾ ಹರೀತದ ಹೋಗತದ. ಹರಿಯೂ ನೀರಿಗಿ ಏನಾಗತದ? ನಿನ್ನ ಉಪ್ಪು ನೀ ನೋಡಿಕೊ.”

“ನಿಮ್ಮ ಬಾವಿ ಈ ಕಡಿ ಅದ, ನಮ್ಮದು ಆ ಕಡಿ ಅದ. ಇಳಿಜಾರ ಯಾವ ಕಡಿ ಅದ ನೋಡ್ರಿ!”

ರಾಯರು ನೋಡಲಿಲ್ಲ. ಅವಳು ಕಾಯಲೂ ಇಲ್ಲ. ಉಪ್ಪಿನ ಖಾಲಿ ಚೀಲವೊಂದಕ್ಕೆ ಸಲಿಕೆಯಿಂದ ಮಣ್ಣು ತುಂಬಿ ದರದರ ಎಳೆದುಕೊಂಡು ಮೋರಿಗೆ ಓಡಿದಳು. ನೀರು ಅವಳಿಗಿಂತ ಎರಡು ಮಾರು ಮುಂದಿತ್ತು. ಅದರ ನಾಲಗೆ ಆಗಲೇ ಮೋರಿಯೊಳಗೆ ಇಳಿದಿತ್ತು. ಚೀಲವನ್ನು ಕಾಲಿನಿಂದ ಒತ್ತಿದಳು. ಕೂರಲಿಲ್ಲ. ಸಲಿಕೆಯಿಂದ ಮಣ್ಣು ಎಳೆದಳು. ಹರಿಯುವ ನೀರು ಅದನ್ನು ಎತ್ತಿಕೊಂಡೇ ಹೋಯಿತು. ಕೊಡದ ಬಾಯಿಯಷ್ಟು ದೊಡ್ಡ ಮೋರಿ, ಸೊಟ್ಟ ಕಲ್ಲಿನದು. ಚೀಲದ ಎಡಕ್ಕೂ ಬಲಕ್ಕೂ ಸಂದು. ಆ ಸಂದುಗಳಿಗೆ ಜಿಗುಟು ಮಣ್ಣನ್ನು ಬೆರಳಿನಿಂದ ಒತ್ತಿ ತುರುಕಬೇಕು, ಅದು ಕಚ್ಚಿ ಹಿಡಿಯುವ ತನಕ ಅಂಗೈ ಒತ್ತಿಯೇ ಇರಬೇಕು. ಸಲಿಕೆಯಿಂದ ಆಗುವ ಕೆಲಸವಲ್ಲ.

“ಖಮರು ಮಾಮಾ!” ಎಂದು ಕೂಗಿದಳು.

ಒಳಗಿನಿಂದ ಏದುಸಿರಿನ ದನಿ ಬಂತು. “ಬರಾಕ ಆಗೂದಿಲ್ಲ ಬೇಟಿ! ಹೆಗಲು ಕೊಟ್ಟೀನಿ. ಬಿಟ್ಟರ ಉಳದದ್ದೂ ಬರತದ!”

ರಾಯರು ಪಡಸಾಲೆಯ ಮೆಟ್ಟಿಲು ಇಳಿದಿದ್ದರು. ಅವಳು ಮೊಣಕಾಲೂರಿ ನಿಂತು ಕೈಗಳನ್ನು ಎದೆಗೆ ಹಿಡಿದುಕೊಂಡದ್ದನ್ನು ಕಂಡು ಅವರಿಗೆ ಧೈರ್ಯ ಬಂತು.

“ಯಾಕ, ನಿಂತಿ? ಮಾತು ಕೊಟ್ಟಾಕಿ ಅಲ್ಲ ನೀ? ಮದ್ದು ಮುಟ್ಟೂದಿಲ್ಲಂತ ಇಷ್ಟು ವರ್ಷ ಮೆರದೀದಿ. ಏಳು, ಏಳು. ಸತ್ತ ತಾಯಿ ಮಾತು ಮೀರಬಾರದು. ಪಂಡರಿ, ಹೊಯ್ಯಿ ನೀರು.”

ಬೇರೆ ಯಾರಾದರೂ ಆ ಮಾತು ಆಡಿದ್ದರೆ ದ್ರೌಪತಿ ಇನ್ನೊಂದು ಗಳಿಗೆ ಯೋಚಿಸುತ್ತಿದ್ದಳೋ ಏನೋ. ಅವ್ವನ ಮಾತನ್ನು ತನಗೆ ನೆನಪಿಸಲು ಇವನಾರು? ಕುಪ್ಪಸದ ಎರಡೂ ತೋಳು ಮೇಲೆ ಸರಿಸಿ, ಕೈಗಳನ್ನು ಆ ಬಿಳಿ ನೀರಿನಲ್ಲಿ ಮೊಣಕೈ ತನಕ ಇಳಿಸಿದಳು.

ನೀರು ತಣ್ಣಗಿತ್ತು. ಅವಳಿಗೆ ಆಶ್ಚರ್ಯವಾದದ್ದು ಅದೊಂದೇ. ಆಮೇಲೆ ಬೆರಳ ಸಂದಿಯ ಉಪ್ಪಿನ ಹುಣ್ಣುಗಳಿಗೆ ಅದು ಹೊಕ್ಕಿತು. ಮೆಣಸಿನಕಾಯಿ ಅರೆದ ಹಾಗಾಯಿತು. ಹಲ್ಲು ಕಚ್ಚಿ ಬಲಗಡೆಯ ಸಂದಿಗೆ ಮಣ್ಣು ತುರುಕಿದಳು, ಎಡಕ್ಕೆ ತುರುಕಿದಳು, ಕೆಳಗೆ ಇನ್ನೊಂದು ಸಣ್ಣ ಸಂದು ಸಿಕ್ಕಿತು, ಅದಕ್ಕೂ ತುರುಕಿದಳು. ಸೆರಗಿನ ಚುಂಗು ಹರಿದು ಮಣ್ಣಿನೊಳಗೆ ಸೇರಿಸಿ ಬಡಿದಳು. ಮೋರಿಯ ಗುಳುಗುಳು ನಿಂತಿತು. ಅವಳ ಅಂಗೈ ಒತ್ತಿದ್ದ ಕಡೆ ನೀರು ಮಣ್ಣನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ಅವಳು ಅದನ್ನು ಮತ್ತೆ ಮತ್ತೆ ಒತ್ತಿದಳು.

ಈಗ ಪಂಡರಿ ಕೊಡ ಹಿಡಿದು ಅವಳ ಬೆನ್ನ ಹಿಂದೆ ಬಂದು ನಿಂತಿದ್ದ. ಅವಳು ತಿರುಗಲಿಲ್ಲ.

“ಹೊಯ್ಯಿ ಪಂಡರಿ. ರಾಯರು ಹೇಳ್ಯಾರ. ನಿನ್ನ ಹೆಂಡ್ತಿ ಮುಂಜಾನಿ ಹಿಟ್ಟು ಕಲಸಾಕ ಯಾವ ಬಾವಿ ನೀರು ತಂದಾಳ? ಮಧ್ಯಾಹ್ನಕ್ಕ ಯಾವುದು ತರತಾಳ?”

ಕೊಡದ ತಳ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಹೊಯ್ದಿರಲಿಲ್ಲ, ಕೆಳಗೆ ಇಟ್ಟಿದ್ದ.

“ಏನಾತೋ?” ಎಂದರು ರಾಯರು.

“ಏನೂ ಇಲ್ರಿ. ಕೈ ಸೋತದ.”

“ಹಂಗಾದ್ರ ಆಕಿನ್ನ ಎಳಿ ಅಲ್ಲಿಂದ.”

“ಕೈ ಪೂರಾ ಸೋತದ್ರಿ,” ಎಂದ ಪಂಡರಿ. ಹಾಗೆಂದವನೇ ಸಲಿಕೆ ಎತ್ತಿಕೊಂಡು ಕೆಂಪು ಮಣ್ಣಿನ ಗುಡ್ಡೆಯ ಕಡೆ ಹೊರಟ. ಸೋತ ಕೈ ಅಷ್ಟು ಬಿರುಸಾಗಿ ಮಣ್ಣು ಎತ್ತುವುದನ್ನು ರಾಯರು ನೋಡುತ್ತಲೇ ನಿಂತರು.

ಸಿಟ್ಟು ನೆತ್ತಿಗೇರಿ ರಾಯರು ತಾವೇ ನಾಲ್ಕು ಹೆಜ್ಜೆ ಮುಂದೆ ಬಂದರು. ಐದನೆಯ ಹೆಜ್ಜೆ ಇಡಬೇಕಾದ ಕಡೆ ನೆಲ ಒದ್ದೆಯಾಗಿತ್ತು. ಅದರ ಆಚೆ ತೊಗಲಿನ ಕೂದಲು ತೇಲುತ್ತಿದ್ದ ನೀರು. ನೀರಿನ ಆಚೆ ದ್ರೌಪತಿ.

ಅವಳು ಕತ್ತು ತಿರುಗಿಸಿ ನೋಡಿದಳು. ಆ ಉರಿಯಲ್ಲೂ ಅವಳಿಗೆ ನಗು ಬಂತು.

“ಬರ್ರಿ ರಾಯರೇ, ಯಾಕ ನಿಂತ್ರಿ? ನೀವ ಬಂದು ಎಳೀರಿ. ಈ ನೀರ ದಾಟಿ ಬರ್ಬೇಕು, ನನ್ನ ರಟ್ಟಿ ಹಿಡೀಬೇಕು, ಈ ಮಣ್ಣಾಗ ಕೈ ಹಾಕ್ಬೇಕು. ಮೂರೂ ಮಾಡ್ರಿ. ನಾ ಬ್ಯಾಡನ್ನೂದಿಲ್ಲ.”

ರಾಯರು ಧೋತರದ ಅಂಚನ್ನು ಬೆರಳಿನಿಂದ ಮೇಲಕ್ಕೆ ಎತ್ತಿಕೊಂಡರು. ಕಾಲಿನ ಹೆಬ್ಬೆರಳು ಒದ್ದೆ ನೆಲದ ಮೇಲೆ ಒಂದು ಕ್ಷಣ ತೂಗಿತು. ಹದಿನೆಂಟು ವರ್ಷ ಕಾಪಾಡಿಕೊಂಡು ಬಂದದ್ದು ಆ ಹೆಬ್ಬೆರಳಿನ ತುದಿಯಲ್ಲಿತ್ತು. ಅವರು ಕಾಲು ಹಿಂದೆಗೆದುಕೊಂಡರು.

“ನಾಳಿಂದ ನಿನಗಿಲ್ಲಿ ಕೂಲಿ ಇಲ್ಲ,” ಎಂದರು.

“ನಾಳಿ ಮಾತು ನಾಳಿಗಿ. ಇವತ್ತು ಇಲ್ಲೇ ಇದ್ದೀನಿ.”

ಪಂಡರಿ ಸುಣ್ಣದ ಗುಂಡಿಯಿಂದ ಬುಟ್ಟಿ ಬುಟ್ಟಿ ಸುಣ್ಣ ತಂದು ನೀರಿಗೆ ಸುರಿದ, ಮೇಲೆ ಕೆಂಪು ಮಣ್ಣು ಹರಡಿದ, ಸುತ್ತ ಎರೆಮಣ್ಣಿನ ಬದು ಎಳೆದ. ನೀರು ಹರಿಯುವುದನ್ನು ಬಿಟ್ಟು ಹೊಂಡವಾಗಿ ನಿಂತಿತು. ಖಮರುದ್ದೀನ್ ಪೀಪಾಯಿಗೆ ಹಗ್ಗ ಬಿಗಿದು, ಅರ್ಧಕ್ಕಿಂತ ಹೆಚ್ಚು ಮದ್ದನ್ನು ಒಳಗೇ ಉಳಿಸಿ, ತೊಡೆಯ ತನಕ ತೋಯ್ದುಕೊಂಡು ಹೊರಗೆ ಬಂದ. ಅಂಗಳವನ್ನು ಒಂದು ಸುತ್ತು ನೋಡಿದ. ಆಮೇಲೆ ದ್ರೌಪತಿಯ ಕೈ ಇರುವ ಜಾಗ ನೋಡಿದ. ಅವನ ಮುಖ ಸಣ್ಣದಾಯಿತು.

“ಕಟ್ಟಿ ಒಡದದ್ದು ನನ್ನ ಕೈ,” ಎಂದ. “ಮೂರು ದಿನ ಅಂತ ಸುಮ್ನಿದ್ದೆ.”

“ಅದೆಲ್ಲ ಆಮ್ಯಾಲ ಮಾಮಾ. ಈ ಕಡಿ ಇನ್ನೊಂದು ಚೀಲ ಒತ್ತು. ನನ್ನ ಬೆರಳು ಜೋಂ ಹಿಡದಾವ.”

ಎರಡನೆಯ ಚೀಲ ಒತ್ತುವ ಹೊತ್ತಿಗೆ ಬಾಗಿಲಲ್ಲಿ ಮೋಟಾರು ಕೂಗಿತು.

ಸಾಹುಕಾರರು ಬಿಳಿ ಶೇರ್ವಾನಿಯ ಮುದುಕರು. ಜೊತೆಗೆ ಫೌಜಿನ ಗುತ್ತೇದಾರನೊಬ್ಬ. ಇಬ್ಬರೂ ಅಂಗಳದ ಹೊಂಡವನ್ನು, ಬದುವನ್ನು, ಮೋರಿಯ ಮುಂದೆ ಕೆಸರಿನಲ್ಲಿ ಕೂತ ಹೆಂಗಸನ್ನು ನೋಡುತ್ತ ನಿಂತರು.

“ಏನಿದು ದಿಗಂಬರರಾವ್?”

“ಏನಿಲ್ರಿ ಸಾಹೇಬ್ರ, ಉಪ್ಪಿನ ನೀರು ಚೆಲ್ಲೇದ. ಈಗ ತೊಳಸ್ತೀನಿ.”

ದ್ರೌಪತಿ ಎದ್ದು ನಿಂತಳು. ಕೈಗಳಿಂದ ಕೆಂಪು ಕೆಸರು ಸೋರುತ್ತಿತ್ತು. ದೊಡ್ಡವರ ಮುಂದೆ ಸೆರಗು ಹೊದೆಯಬೇಕು, ಆದರೆ ಸೆರಗಿನ ಅರ್ಧ ಮೋರಿಯಲ್ಲಿತ್ತು.

“ಉಪ್ಪಿನ ನೀರಾದ್ರ ರಾಯರು ಒಂದು ಬೊಗಸಿ ಕುಡೀಲಿ,” ಎಂದಳು. “ಕುಡದ್ರ ನಾ ಈ ಮೋರಿ ನನ್ನ ಕೈಲೆ ಬಿಚ್ಚತೀನಿ.”

ಸಾಹುಕಾರರು ರಾಯರ ಕಡೆ ತಿರುಗಿದರು. ರಾಯರು ಪೂಜೆಯ ತೋರಣದ ಕಡೆ ನೋಡುತ್ತಿದ್ದರು. ಮುದುಕರಿಗೆ ಅಷ್ಟು ಸಾಕಾಯಿತು. ಅವರು ತೊಗಲಿನ ವ್ಯಾಪಾರಕ್ಕೆ ನಿನ್ನೆ ಬಂದವರಲ್ಲ.

“ಹೊರಗ ಎಷ್ಟು ಹೋಗೇದ?” ಎಂದು ಕೇಳಿದರು.

“ಎರಡು ಕೊಡ ಹೋಗಿರ್ಬೇಕ್ರಿ, ನಾಲ್ಕು ಹೋಗಿರ್ಬೇಕು. ನಾಲಾಕ್ಕ ಇಳದದ. ಬಾವಿಗಿ ಮುಟ್ಟೇದೋ ಇಲ್ಲೋ ಗೊತ್ತಿಲ್ಲ. ಈ ನೀರಿಗಿ ಬಣ್ಣಿಲ್ಲ, ನಾವು ಹ್ಯಾಂಗ ತಿಳೀಬೇಕು?”

“ನಿನಗ ಏನು ಬೇಕು? ಹೇಳು.” ಅವರ ಕೈ ಶೇರ್ವಾನಿಯ ಜೇಬಿಗೆ ಹೋಗಿತ್ತು.

“ಜೇಬಿನ್ಯಾಗಿಂದು ಬ್ಯಾಡ್ರಿ. ಆ ಹೊಸ್ತಿಲ ಕಟ್ಟಿ ಇವತ್ತ ಕಟ್ಟಬೇಕು. ಲಕ್ಷ್ಮಿಗಿ ದಾಟಿ ಬರಾಕ ಬರತದ, ನಮ್ಮ ಮಕ್ಕಳಿಗಿ ಈ ನೀರು ಕುಡದು ಬದುಕಾಕ ಬರೂದಿಲ್ಲ. ಇನ್ನೊಂದು, ನಮ್ಮ ಬಾವಿ ಪೂರಾ ಸೇದಿ ಒಗದು, ಹೊಸಾ ನೀರು ಬಂದು, ಅದನ್ನೂ ಸೇದಿ ಒಗಿಯೂತನಕ ಕೇರಿ ಮಂದಿ ಈ ಬಾವಿ ನೀರು ಒಯ್ತಾರ.” ಅವಳು ಕೆಸರಿನ ಬೆರಳಿಂದ ಪಡಸಾಲೆಯ ಬಾವಿಯನ್ನು ತೋರಿಸಿದಳು.

“ಶಕ್ಯನ ಇಲ್ಲ!” ರಾಯರ ದನಿ ಒಡೆದುಹೋಯಿತು. “ಕೆಳಗಿನ ಕೇರಿ ಕೊಡ ಈ ಬಾವ್ಯಾಗ? ಹಂಗಾದ್ರ ನಾ ಎಲ್ಲಿ...”

“ನೀವು ಮನ್ಯಾಗ ಜಳಕಾ ಮಾಡ್ರಿ. ಊರಾಗ ನಿಮ್ಮವು ನಾಲ್ಕು ಬಾವಿ ಅವ. ನಮಗ ಒಂದೇ ಇತ್ತು.”

ಅಷ್ಟರಲ್ಲಿ ಖಮರುದ್ದೀನ್ ಸಾಹುಕಾರರ ಮುಂದೆ ಬಂದು ಸಲಾಮು ಮಾಡಿದ. “ಹುಜೂರ್, ಪೀಪಾಯಿಗಿ ಹೊಸಾ ಪಟ್ಟಿ ಹಾಕಬೇಕು. ಹಾಕತೀನಿ. ಆದ್ರ ಈ ಹೆಣ್ಮಗಳು ಹೇಳಿದ್ದು ಆಗೂತನಕ ಅದಕ್ಕ ಮದ್ದು ತುಂಬೂದಿಲ್ಲ. ನನ್ನ ಬಿಟ್ಟು ಈ ಸೀಮ್ಯಾಗ ಮದ್ದಿನ ಹದ ಗೊತ್ತಿದ್ದವ ಇನ್ನೊಬ್ಬ ಇದ್ದಾನೇನೋ, ಹುಡುಕಿಸ್ರಿ.”

“ತೊಗಲು ಎಂದು ಸಿಗುತ್ತದೆ? ನನಗೆ ಅದೊಂದು ಹೇಳಿ,” ಎಂದ ಗುತ್ತೇದಾರ, ಕೈಗಡಿಯಾರ ನೋಡುತ್ತ.

ಸಾಹುಕಾರರು ಗಡ್ಡ ನೀವಿಕೊಂಡರು. ಅವರಿಗೆ ಕೇರಿಯ ಮೇಲೆ ಪ್ರೀತಿ ಹುಟ್ಟಿರಲಿಲ್ಲ. ಖಾಲಿ ಪೀಪಾಯಿ ಅವರ ಕಣ್ಣಿಗೆ ಕಾಣುತ್ತಿತ್ತು.

“ಕಟ್ಟಿ ಕಟ್ರಿ. ನೀರು ಒಯ್ಲಿ.” ಆಮೇಲೆ ರಾಯರ ಮುಖ ಉಳಿಸಲಿಕ್ಕೋ ಏನೋ ಸೇರಿಸಿದರು. “ಈ ಹೆಂಗಸಿನ ನಾಲಗಿ ಉದ್ದ ಅದ. ನಾಳಿಂದ ಈಕಿ ಬ್ಯಾಡ.”

“ನಾಳಿ ಬರ್ತೀನ್ರಿ,” ಎಂದಳು ದ್ರೌಪತಿ. “ಕಟ್ಟಿ ಹಸಿ ಇರತದ. ಒಣಗೂತನಕ ಯಾರರ ಕಾಯ್ಬೇಕಲ್ಲ.”

ಮೇಸ್ತ್ರಿ ಗೋದಾಮಿನ ಬಾವಿಯಿಂದ ನೀರು ಸೇದಿ, ಬದುವಿನ ಒಳಗೇ ಅವಳನ್ನು ನಿಲ್ಲಿಸಿ, ಕೈಗೆ ಹೊಯ್ದ. ಕೊಡದ ಮೇಲೆ ಕೊಡ ಹೊಯ್ದ. ಅವಳು ಆ ಬಾವಿಯ ನೀರು ಮುಟ್ಟಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಕೇರಿಯ ಹೆಂಗಸರು ಕೊಡ ಹೊತ್ತು ಗೋದಾಮಿನ ಬಾಗಿಲಿಗೆ ಬಂದರು. ಎಲ್ಲರ ಮುಂದೆ ವಜೀರಬಿ, ಹಣೆಯ ಮೇಲೆ ಊದಿಕೊಂಡ ಒಂದು ಬೋರೆ.

“ಇದೇನ?” ಎಂದಳು ದ್ರೌಪತಿ.

“ಪಂಡರಿ ಹೆಂಡ್ತಿ ಕೊಡ. ನಾ ಒಡೀಬೇಕಂದ್ನಿ, ಆಕಿ ನನ್ನ ತಲಿ ಮ್ಯಾಲ ಒಡದ್ಳು. ಕೆಲಸ ಆತಲ್ಲ, ಯಾರ ಒಡದರೇನು?” ಆಮೇಲೆ ದನಿ ಇಳಿಸಿ ಹೇಳಿದಳು. “ನಿನ್ನ ಮಗಳು ಕುಡದಿಲ್ಲ. ಯಾರೂ ಕುಡದಿಲ್ಲ.”

ಕಮಳಿ ಹಗ್ಗ ಇಳಿಬಿಟ್ಟು ಪಡಸಾಲೆಯ ಪಕ್ಕದ ಬಾವಿಯಿಂದ ನೀರು ಸೇದಿದಳು. ಹೊಸ ಬಾವಿ, ಆಳ ಗೊತ್ತಿಲ್ಲ, ಹಗ್ಗ ಎರಡು ಸಲ ಕೈ ಜಾರಿತು. ರಾಯರು ಗಾದಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಕೇರಿಯ ಬಾವಿಯನ್ನು ಎತ್ತು ಕಟ್ಟಿ ನಾಲ್ಕು ದಿನ ಸೇದಿದರು. ನೀರನ್ನು ನಾಲಾಕ್ಕೆ ಬಿಡದೆ, ಮೇಸ್ತ್ರಿ ತೋರಿಸಿದ ಕಡೆ, ಹುಲ್ಲು ಬೆಳೆಯದ ಕೆಂಪು ಕಲ್ಲಿನ ಬಯಲಿಗೆ ಹಾಯಿಸಿ ಸುಣ್ಣ ಚೆಲ್ಲಿದರು. ಐದು ದಿನ ಬಿಟ್ಟು ಮತ್ತೆ ಸೇದಿದರು. ಅಲ್ಲಿಯ ತನಕ ಗೋದಾಮಿನ ಬಾಗಿಲು ಕೇರಿಗೆ ತೆರೆದೇ ಇತ್ತು.

ದ್ರೌಪತಿ ಹೇಳಿದ ಹಾಗೆ ಮರುದಿನ ಬಂದಳು. ಮದ್ದಿನ ಕೋಣೆಯ ಹೊಸ್ತಿಲ ಹೊಸ ಕಟ್ಟೆಯ ಪಕ್ಕದಲ್ಲಿ ಕೂತಳು. ಅದರ ಮರುದಿನವೂ ಬಂದಳು. ಯಾರೂ ಕೂಲಿಗೆ ಕರೆಯಲಿಲ್ಲ, ಹೊರಗೆ ಹಾಕಲಿಕ್ಕೂ ಯಾರೂ ಬರಲಿಲ್ಲ. ಹಾಕಬೇಕೆಂದರೆ ಮುಟ್ಟಬೇಕಿತ್ತು. ಆರನೆಯ ದಿನ ಉಪ್ಪು ಕಾಣದ ತೊಗಲುಗಳು ರಾಶಿ ಬಿದ್ದು ನಾರತೊಡಗಿದಾಗ ರಾಯರು ಗೋಡೆಗೆ ಹೇಳಿದ ಹಾಗೆ ಹೇಳಿದರು, “ಉಪ್ಪಿನ ಕಟ್ಟಿ ಅರ್ಧ ಖಾಲಿ ಯಾಕದ?” ದ್ರೌಪತಿ ಎದ್ದು ಹೋಗಿ ವಜೀರಬಿಯ ಎದುರು ಕೂತಳು. ಬೆರಳಿಗೆ ಅರಿವೆ ಸುತ್ತಿದ್ದಳು. ಅಂಗೈಯ ಚರ್ಮ ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಎದ್ದಿತ್ತು, ಉಪ್ಪು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಉಪ್ಪು ಹಚ್ಚುವುದನ್ನು ಬಿಡಲಿಲ್ಲ.

ಪಾಷಾಣದ ನೀರಿಗೆ ಕೈ ಹಾಕುವುದಿಲ್ಲ ಎಂದು ಅವ್ವನಿಗೆ ಕೊಟ್ಟ ಮಾತನ್ನು ದ್ರೌಪತಿ ಮುರಿದಳು.